ಜೋಕಾಲಿಯ ನಾಲ್ಕನೆಯ ನಟ್ ಅವರಿಗೆ

ಗೆ,
ಚಿನ್ನದ ಬಣ್ಣದ ಶ್ರೀ ನಟ್ ಅವರು,
ಜೋಕಾಲಿಯ ಬಲಗಡೆಯ ಕೊಂಡಿ, ಒಳಮಗ್ಗುಲು,
ನಮ್ಮ ಬಡಾವಣೆಯ ಉದ್ಯಾನ, ಅಟ್ಟೂರು, ಬೆಂಗಳೂರು.

ವಿಷಯ: ತಮ್ಮ ದರ್ಜೆ ಯಾವುದೆಂದು ತಿಳಿಸುವ ಬಗ್ಗೆ, ಹಾಗೂ ನಾಡಿದ್ದು ಪಂಚಮಿಯ ದಿನ ದಯವಿಟ್ಟು ಕೈಬಿಡದಿರುವ ಬಗ್ಗೆ.

ಉಲ್ಲೇಖ: ನಾನು ಸಂಘಕ್ಕೆ ಬರೆದ ನಾಲ್ಕು ಪತ್ರಗಳು, ಮತ್ತು ಅವುಗಳಿಗೆ ಬಾರದ ನಾಲ್ಕು ಉತ್ತರಗಳು.

ಮಾನ್ಯರೇ,

ಶ್ರಾವಣ ಮಾಸದ ಶುಭಾಶಯಗಳು. ತಮ್ಮ ಆರು ಮುಖಗಳಿಗೂ ಪ್ರತ್ಯೇಕವಾಗಿ ನಮಸ್ಕರಿಸಿ, ತಾವು ಬಿಸಿಲು ಮಳೆ ಎನ್ನದೆ, ಜಕ್ಕೂರಿನ ಕಡೆಯಿಂದ ತಲೆಯ ಮೇಲೆ ಗುಂಯ್‌ಗುಡುತ್ತ ಹೋಗುವ ಪುಟ್ಟ ವಿಮಾನಗಳಿಗೂ ಬೆದರದೆ, ನೆಲದಿಂದ ಏಳೂವರೆ ಅಡಿ ಎತ್ತರದಲ್ಲಿ ಸೇವೆ ಸಲ್ಲಿಸುತ್ತಿರುವುದನ್ನು ಕಂಡು ಸಂತೋಷಪಟ್ಟು, ತಮ್ಮ ಅಮೂಲ್ಯ ಸಮಯದಲ್ಲಿ ಸ್ವಲ್ಪವನ್ನು ಈ ಪತ್ರಕ್ಕಾಗಿ ಮೀಸಲಿಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಾನು ವೀರಬಸಪ್ಪ. ಪೀಣ್ಯದ ಒಂದು ಬೋಲ್ಟು ನಟ್ಟಿನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ತಮ್ಮ ಬಂಧುಬಳಗವನ್ನು ತೂಗಿ, ಅಳೆದು, ಎಳೆದು, ಮುರಿದು ನೋಡಿ ನಿವೃತ್ತನಾದವನು. ಹಾಗಾಗಿ ನಮ್ಮಿಬ್ಬರ ನಡುವೆ ಮುಖಪರಿಚಯ ಹೊಸದಾದರೂ ಸಂಬಂಧ ಹಳೆಯದೆಂದು ನಾನು ಧೈರ್ಯ ಮಾಡಿದ್ದೇನೆ.

ಒಂದು ನಟ್ಟಿಗೆ ಪತ್ರ ಬರೆಯುವಷ್ಟು ಈ ಮುದುಕನ ತಲೆ ಕೆಟ್ಟಿತೇ ಎಂದು ತಾವು ಬೇಸರಪಡಬಾರದು. ಇದು ನನ್ನ ಬುದ್ಧಿಯಲ್ಲ, ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರಾದ ಪಿಳ್ಳಪ್ಪನವರ ಸಲಹೆ. ಕಳೆದ ಭಾನುವಾರದ ಸಭೆಯಲ್ಲಿ ನಾನು ತಮ್ಮ ವಿಷಯವನ್ನು ನಾಲ್ಕನೆಯ ಸಲ ಎತ್ತಿದಾಗ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಏನ್ ಸಾ, ನಾಕ್ ಕಾಗ್ದ ಬರ್ದ್ರಿ. ಇಂಗೆ ನಮ್ಗೆ ಬರೀತಾ ಕೂತ್ರೆ ಏನ್ ಬಂತು? ಆ ನಟ್ಟಿಗೇ ಒಂದ್ ಬರೀರಿ, ಅದೇ ಉತ್ರ ಕೊಡ್ತದೆ" ಎಂದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಯೋಚಿಸಿದಾಗ, ಸಂಘದಲ್ಲಿ ಉತ್ತರ ಕೊಡುವವರು ಯಾರೂ ಇಲ್ಲವೆಂದು ಅಧ್ಯಕ್ಷರೇ ಒಪ್ಪಿಕೊಂಡ ಮೇಲೆ ತಮ್ಮನ್ನು ಬಿಟ್ಟು ನನಗೆ ಬೇರೆ ಗತಿ ಇಲ್ಲವೆಂದು ಹೊಳೆಯಿತು. ಪತ್ರವನ್ನು ಉದ್ಯಾನದ ಸೂಚನಾ ಫಲಕಕ್ಕೆ ಅಂಟಿಸುತ್ತಿರುವುದೂ ತಮ್ಮ ಅನುಕೂಲಕ್ಕಾಗಿಯೇ. ಫಲಕ ತಮಗೆ ನೇರ ಎದುರಿಗಿದೆ, ಇಳಿದು ಬರುವ ತೊಂದರೆ ಬೇಡ. ಇಳಿದು ಬರಬೇಡಿ ಎಂಬುದೇ ಈ ಪತ್ರದ ಸಾರಾಂಶವೂ ಹೌದು.

ತಾವು ಹೇಗೆ ಈ ಸ್ಥಾನಕ್ಕೆ ಏರಿದಿರಿ ಎಂಬುದನ್ನು ತಮಗೆ ಯಾರೂ ಹೇಳಿರಲಾರರು, ಅದನ್ನು ಮೊದಲು ನಿವೇದಿಸುತ್ತೇನೆ. ನಮ್ಮ ಬಡಾವಣೆಯಲ್ಲಿ ಬಾಗಲಕೋಟೆ, ಗದಗ, ವಿಜಯಪುರದ ಕಡೆಯಿಂದ ಕಾರ್ಖಾನೆಗೋ ಕಾಲೇಜಿಗೋ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತ ಮನೆಗಳು ಇಪ್ಪತ್ತಾರಿವೆ. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹಾಲೆರೆಯುವುದು, ಜೋಳ ಹುರಿದ ಅಳ್ಳು, ಎಳ್ಳುಂಡಿ, ಶೇಂಗಾ ಉಂಡಿ ಇಷ್ಟೇ ಅಲ್ಲ. ಅಂದು ಹೆಣ್ಣುಮಕ್ಕಳು ಜೋಕಾಲಿ ಆಡಬೇಕು, ಅದೂ ಕೂತು ಆಡುವುದಲ್ಲ, ಇಬ್ಬರು ಎದುರುಬದುರು ನಿಂತು ಜೀಕಬೇಕು. ಇಲ್ಲಿನ ಮರಗಳೋ, ಇನ್ನೂ ಕಬ್ಬಿಣದ ಪಂಜರದೊಳಗೆ ಬೆಳೆಯುತ್ತಿರುವ ಕಡ್ಡಿಗಳು, ಅವಕ್ಕೆ ಹಗ್ಗ ಕಟ್ಟಿದರೆ ಪಂಜರವೂ ಜೊತೆಗೆ ಜೀಕೀತು. ಆದ್ದರಿಂದ ನನ್ನ ಹೆಂಡತಿ ಶಿವಲಿಂಗವ್ವ, ಪಕ್ಕದ ಮನೆಯ ಕಾಲೇಜು ಉಪನ್ಯಾಸಕಿ ಪ್ರತಿಭಾ ಮತ್ತಿತರರು ಅಧ್ಯಕ್ಷರ ಮನೆಗೇ ಹೋಗಿ ಒಂದು ಜೋಕಾಲಿ ಬೇಕೆಂದು ಕೇಳಿದರು.

ಪಿಳ್ಳಪ್ಪನವರನ್ನು ನಾನು ಎಷ್ಟೇ ಆಡಿಕೊಂಡರೂ ಅವರ ಕೈ ದೊಡ್ಡದು ಎಂಬುದನ್ನು ಹೇಳದೆ ಇರಲಾರೆ. ಈ ಬಡಾವಣೆ ನಿಂತ ನೆಲವೆಲ್ಲ ಅವರ ತಂದೆಯ ಕಾಲಕ್ಕೆ ರಾಗಿ ಹೊಲವಾಗಿತ್ತು. ಈಗ ಇಲ್ಲಿ ಮನೆ ಕಟ್ಟಿಸುವವರೂ ಅವರೇ, ಸಂಘದ ಅಧ್ಯಕ್ಷರೂ ಅವರೇ. ಹೆಂಗಸರ ಮಾತು ಮುಗಿಯುವ ಮೊದಲೇ, "ಅಷ್ಟೇನಾ? ಮರ ಯಾಕವ್ವಾ, ಕಬ್ಣದ್ದೇ ಆಕುಸ್ತೀನಿ, ನಮ್ಮವ್ವ ಗೌರಮ್ಮನ ಎಸ್ರಲ್ಲಿ" ಎಂದು ಒಪ್ಪಿದರು. ಹತ್ತು ದಿನದೊಳಗೆ ಎರಡು ಕಡೆ ಕಂಬ, ಮೇಲೆ ಅಡ್ಡಪೈಪು, ಅದಕ್ಕೆ ಎರಡು ಕೊಂಡಿ, ಕೊಂಡಿಗೊಂದು ಸರಪಳಿ, ಇಬ್ಬರು ನಿಲ್ಲುವಷ್ಟು ಅಗಲದ ಹಲಗೆ, ಎಲ್ಲ ಬಂತು. ಒಂದೊಂದು ಕೊಂಡಿಯನ್ನು ಪೈಪಿಗೆ ಹಿಡಿದಿಡಲು ಹನ್ನೆರಡು ಮಿಲಿಮೀಟರಿನ ಎರಡೆರಡು ಬೋಲ್ಟು, ಅಂದರೆ ಒಟ್ಟು ನಾಲ್ಕು ಬೋಲ್ಟು, ನಾಲ್ಕು ನಟ್ಟು. ಆ ನಾಲ್ವರಲ್ಲಿ ಕೊನೆಯವರು ತಾವು.

ಇಲ್ಲಿ ತಮ್ಮ ಜೊತೆಗಾರನಾದ ಬೋಲ್ಟ್ ಅವರ ಬಗ್ಗೆ ಎರಡು ಮಾತು. ಅವರ ತಲೆಯ ಮೇಲೆ 8.8 ಎಂದು ಅಚ್ಚಾಗಿದೆ. ಮೊದಲ ಎಂಟರ ಅರ್ಥ, ಅವರ ಮೈಯ ಒಂದೇ ಒಂದು ಚದರ ಮಿಲಿಮೀಟರು, ಅಂದರೆ ಸಾಸಿವೆ ಕಾಳಿಗಿಂತ ಚಿಕ್ಕ ಜಾಗ, ಸುಮಾರು ಎಂಬತ್ತು ಕಿಲೋ ಭಾರ ಹೊತ್ತ ಮೇಲಷ್ಟೇ ಮುರಿಯುತ್ತದೆ ಎಂದು. ಚುಕ್ಕೆಯ ಆಚೆಗಿನ ಎಂಟರ ಅರ್ಥ, ಆ ಭಾರದಲ್ಲಿ ನೂರಕ್ಕೆ ಎಂಬತ್ತರಷ್ಟು ಎಳೆದರೂ ಬಿಟ್ಟ ಕೂಡಲೇ ಅದು ಮೊದಲಿನ ಉದ್ದಕ್ಕೆ ಮರಳುತ್ತದೆ, ಅದಕ್ಕೂ ಮೀರಿ ಎಳೆದರೆ ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿಯುತ್ತದೆ ಎಂದು. ನನ್ನ ತೂಕ ಎಂಬತ್ತೊಂದು ಕಿಲೋ. ಅವರ ಮೈಯಲ್ಲಿ ನಾನು ಒಂದು ಸಾಸಿವೆ ಕಾಳಿಗೆ ಸಮ. ಬೇಲಿಗೆ, ಗೇಟಿಗೆ ಹಾಕುವ 4.6 ದರ್ಜೆಯವರಿಗೆ ಇದರ ಅರ್ಧ ಶಕ್ತಿ, ಅದರಲ್ಲೂ ಬೇಗ ಹಿಗ್ಗುವ ಸ್ವಭಾವ. ಯಂತ್ರಗಳಲ್ಲಿ ಕೂರುವ 12.9 ದರ್ಜೆಯವರಿಗೆ ಶಕ್ತಿ ಇನ್ನೂ ಹೆಚ್ಚು, ಜೊತೆಗೆ ಸಿಟ್ಟೂ ಹೆಚ್ಚು; ಹಿಗ್ಗಿ ಸೂಚನೆ ಕೊಡುವ ಅಭ್ಯಾಸ ಅವರಿಗೆ ಕಡಿಮೆ. ಜೋಕಾಲಿಗೆ ಇವರಿಬ್ಬರ ನಡುವಿನ 8.8 ಅವರೇ ಸರಿ.

ಇಷ್ಟನ್ನು ನಾನು ಸಭೆಯಲ್ಲಿ ವಿವರಿಸಿದಾಗ ನಮ್ಮ ಕಾರ್ಯದರ್ಶಿ ವಿಜಯ್ ಕುಮಾರ್ ಅವರು, ಯಶವಂತಪುರದ ಟ್ಯೂಷನ್ ಕೇಂದ್ರವೊಂದರಲ್ಲಿ ಗಣಿತ ಹೇಳಿಕೊಡುವ ಮಹನೀಯರು, "ಹತ್ತಕ್ಕೆ ಎಂಟು ಪಾಯಿಂಟ್ ಎಂಟು ಅಂದ್ರೆ ಡಿಸ್ಟಿಂಕ್ಷನ್ ಕಣ್ರೀ, ಇನ್ನೇನ್ ಬೇಕು?" ಎಂದು ಕೇಳಿದರು. ಹನ್ನೆರಡು ಪಾಯಿಂಟ್ ಒಂಬತ್ತೂ ಇರುತ್ತದೆ ಎಂದಾಗ, ಹತ್ತಕ್ಕೆ ಹನ್ನೆರಡು ಬಂದಿದ್ದರೆ ಅದು ಖಂಡಿತ ಕಾಪಿ ಹೊಡೆದದ್ದೆಂದು ತೀರ್ಮಾನಿಸಿದರು. ತಮ್ಮ ಮೈಮೇಲೆ ಮಾತ್ರ ಯಾವ ಅಂಕೆಯೂ ಇಲ್ಲವಲ್ಲ ಎಂದು ನಾನು ಗಮನ ಸೆಳೆದದ್ದಕ್ಕೆ, "ಅಂಕ ಇಲ್ಲ ಅಂದ್ರೆ ಆಬ್ಸೆಂಟ್ ಅಂತ ಹಾಕ್ಬೋದು ಸರ್, ಫೇಲ್ ಅಂತ ಹಾಕಕ್ಕಾಗಲ್ಲ" ಎಂದು ತಮ್ಮ ಮಾನ ಉಳಿಸಿದರು. ಅವರಿಗೆ ತಾವು ಒಂದು ಕೃತಜ್ಞತಾ ಪತ್ರ ಬರೆಯಬೇಕು.

ಮಾನ್ಯರೇ, ನಟ್ಟಿಗೆ ಇರುವುದು ಒಂದೇ ಅಂಕೆ. 8.8ರ ಬೋಲ್ಟಿಗೆ 8ರ ನಟ್ಟು, 10.9ಕ್ಕೆ 10ರ ನಟ್ಟು, ಇಷ್ಟೇ ಸಂಬಂಧ. ನಮ್ಮ ಕಾರ್ಖಾನೆಯಲ್ಲಿ ಇಬ್ಬರನ್ನೂ ಜೋಡಿಸಿ ಯಂತ್ರಕ್ಕೆ ಕೊಟ್ಟು ಎಳೆಸುತ್ತಿದ್ದೆವು. ಆಗ ಮುರಿಯಬೇಕಾದದ್ದು ಬೋಲ್ಟು, ನಟ್ಟು ಎಂದೂ ಸೋಲಬಾರದು. ಏಕೆಂದರೆ ಬೋಲ್ಟು ಮುರಿದರೆ ಟಪ್ಪೆಂದು ಸದ್ದಾಗುತ್ತದೆ, ಹತ್ತು ಜನ ತಿರುಗಿ ನೋಡುತ್ತಾರೆ. ನಟ್ಟಿನ ಒಳಗಿನ ಸುತ್ತುಗಳು ಚಪ್ಪಟೆಯಾದರೆ ಯಾರಿಗೂ ಕೇಳಿಸುವುದಿಲ್ಲ. ಹೊರಗೆ ಅದೇ ಆರು ಮುಖ, ಅದೇ ಹೊಳಪು, ಒಳಗೆ ಹಿಡಿತವೇ ಇಲ್ಲ. ಇಂಥ ಒಬ್ಬರನ್ನು ನಂಬಿ ಮನುಷ್ಯರನ್ನು ತೂಗಿಬಿಡುವುದು ನನಗೆ ಹೆದರಿಕೆಯ ವಿಷಯ. ಇದನ್ನು ವ್ಯಂಗ್ಯವಾಗಿ ಹೇಳಲು ನನಗೆ ಬರುವುದಿಲ್ಲ, ನೇರವಾಗಿಯೇ ಹೇಳುತ್ತಿದ್ದೇನೆ.

ಹಾಗಾದರೆ 8 ಎಂದು ಬರೆದ ನಟ್ಟುಗಳು ಬಂದೇ ಇರಲಿಲ್ಲವೇ ಎಂದು ತಾವು ಕೇಳಬಹುದು. ಬಂದಿದ್ದವು. ಅದೇ ಪೊಟ್ಟಣದಲ್ಲಿ, ಅದೇ ಬೋಲ್ಟುಗಳ ಜೊತೆ, ಶುದ್ಧ ಕಪ್ಪು ಬಣ್ಣದಲ್ಲಿ ಬಂದಿದ್ದವು. ಜೋಕಾಲಿ ನಿಲ್ಲಿಸಿದ ಟಿ. ದಾಸರಹಳ್ಳಿಯ ವರ್ಕ್‌ಶಾಪಿನ ಮುರುಗೇಶ್ ಅವನ್ನೇ ಹಾಕಿಯೂ ಇದ್ದ. ಉದ್ಘಾಟನೆಯ ಹಿಂದಿನ ದಿನ ನೋಡಲು ಬಂದ ಅಧ್ಯಕ್ಷರು, "ಅಯ್ಯಯ್ಯೋ, ಒಳ್ಳೆ ಕೆಲ್ಸುಕ್ಕೆ ಕರ್ರಗಿರೋದು ಯಾಕೋ? ನಮ್ಮವ್ವನ ಎಸ್ರಲ್ಲಿ ಆಗ್ತಿರೋದು, ತೆಗ್ದಾಕು" ಎಂದರಂತೆ. ಮುರುಗೇಶ್ ಕಪ್ಪು ನಟ್ಟುಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಎಲ್ಲಿಂದಲೋ ಚಿನ್ನದ ಬಣ್ಣ ಬಳಿದ ತಾವು ನಾಲ್ವರನ್ನು ತಂದು ಹಾಕಿದ. ಬೋಲ್ಟುಗಳ ತಲೆಯೂ ಕಪ್ಪೇ. ಆದರೆ ಅವು ಅತಿಥಿಗಳ ಕುರ್ಚಿಯ ಕಡೆಗೆ ಇರಲಿಲ್ಲವಾದ್ದರಿಂದ ಅವರ ಕೆಲಸ ಉಳಿಯಿತು. ತಮ್ಮ ನೇಮಕಾತಿ ಶಕ್ತಿಯ ಆಧಾರದ ಮೇಲೆ ಆದದ್ದಲ್ಲ, ಮೈಬಣ್ಣದ ಆಧಾರದ ಮೇಲೆ ಆದದ್ದು. ಇದರಲ್ಲಿ ತಮ್ಮ ತಪ್ಪಿಲ್ಲ, ನಮ್ಮಲ್ಲಿ ಎಷ್ಟೋ ನೇಮಕಾತಿಗಳು ಹೀಗೇ ಆಗುತ್ತವೆ.

ಇನ್ನು ನನ್ನ ತಪ್ಪು. ಅದನ್ನು ಬರೆಯಲು ಎರಡು ದಿನ ಹಿಂದೆ ಮುಂದೆ ನೋಡಿದೆ. ಉದ್ಘಾಟನೆಯ ದಿನ ಜೋಕಾಲಿಯ ಅಡ್ಡಪೈಪಿನ ತುಂಬ ಚೆಂಡು ಹೂವಿನ ಮಾಲೆ ಸುತ್ತಿದ್ದರು, ನಟ್ಟಿಗೆ ಬೋಲ್ಟಿಗೆ ಅರಿಸಿನ ಕುಂಕುಮ ಮೆತ್ತಿದ್ದರು. ಅಧ್ಯಕ್ಷರು ಮೈಕಿನಲ್ಲಿ, "ನಮ್ ವೀರಬಸಪ್ಪ ಸಾ ನಟ್ ಬೋಲ್ಟಲ್ಲೇ ಕೂದ್ಲು ಬೆಳ್ಳಗೆ ಮಾಡ್ಕಂಡೋರು" ಎಂದು ಹೊಗಳಿ, ನನಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಸಂಘದ ತಾಂತ್ರಿಕ ಸದಸ್ಯನೆಂದು ಕರೆದು ಒಂದು ಪುಸ್ತಕ ಮುಂದಿಟ್ಟರು. ಅದರಲ್ಲಿ "ಜೋಕಾಲಿಯನ್ನು ಪರೀಕ್ಷಿಸಿ ಸರಿಯಿದೆಯೆಂದು ಒಪ್ಪಿಕೊಂಡಿದ್ದೇನೆ" ಎಂದು ಮೊದಲೇ ಬರೆದಿತ್ತು. ಮೂವತ್ತೊಂದು ವರ್ಷದಲ್ಲಿ ನೋಡದೆ ಒಂದು ಚೀಟಿಗೂ ಸಹಿ ಹಾಕದವನು, ಮ್ಯಾನೇಜರು ಅವಸರ ಮಾಡಿದರೂ ಗೇಜು ಹಾಕಿ ನೋಡದೆ ಪೆಟ್ಟಿಗೆ ಬಿಡದವನು, ಪೇಟ ತಲೆಯ ಮೇಲಿದ್ದ ಆ ಐದು ನಿಮಿಷದಲ್ಲಿ ಸಹಿ ಹಾಕಿಬಿಟ್ಟೆ. ಹೂವು ಬಾಡಿ ಮಾಲೆ ಬಿಚ್ಚಿದ ಮೂರನೆಯ ದಿನ ವಾಕಿಂಗಿಗೆ ಬಂದಾಗ ಹಲಗೆಯ ಮೇಲೆ ಹತ್ತಿ ನೋಡಿದೆ. ತಾವು ನಾಲ್ವರೂ ಚಿನ್ನದ ಹಾಗೆ ಹೊಳೆಯುತ್ತಿದ್ದಿರಿ, ಯಾರ ಮೈಮೇಲೂ ಅಂಕೆ ಇರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಅಂಕೆಯಿಲ್ಲದ ನಟ್ಟಾದರೂ ತಾವು ಇಬ್ಬರು ಹೆಂಗಸರ ಭಾರವನ್ನು ಸುಮ್ಮನೆ ಹೊತ್ತೀರಿ. ಲೆಕ್ಕ ಹಾಕಿ ನೋಡಿದ್ದೇನೆ, ತಮ್ಮ ಮೇಲೆ ಸುಳ್ಳು ಹೊರಿಸಲಾರೆ. ನನಗೆ ಹೆದರಿಕೆ ಹುಟ್ಟಿಸಿದ್ದು ಮುರುಗೇಶನ ಪೈಪು. ಸ್ಪ್ಯಾನರ್ ಒಂದು ಗೇಣು ಉದ್ದ ಇರುವುದು ಸುಮ್ಮನೆ ಅಲ್ಲ. ಆ ಉದ್ದಕ್ಕೆ ಮನುಷ್ಯನ ಕೈ ಹಾಕುವಷ್ಟು ಬಲವೇ ಆ ಅಳತೆಯ ನಟ್ಟಿಗೆ ಸಾಕು. ಮುರುಗೇಶ್ ಅದರ ತುದಿಗೆ ನಾಲ್ಕಡಿ ಪೈಪು ತೂರಿಸಿ, ಪೈಪಿಗೆ ಜೋತುಬಿದ್ದು ತಮ್ಮನ್ನು ಬಿಗಿ ಮಾಡಿದ್ದಾನೆ. "ಇನ್ ಈ ಜನ್ಮದಲ್ಲಿ ಬಿಚ್ಚಕ್ಕಾಗಲ್ಲ ಸಾರ್" ಎಂದು ಎದೆ ತಟ್ಟಿಕೊಂಡು ಹೇಳಿದ್ದಾನೆ. ಆಮೇಲೆ ಜೋಕಾಲಿ ಕಿರ್ರೆನ್ನುತ್ತದೆಂದು ದೂರು ಹೋದಾಗಲೆಲ್ಲ ಬಂದು ಮತ್ತೆ ಅದೇ ಪೈಪು ಹಾಕಿ ಬಿಗಿದಿದ್ದಾನೆ. ಕಿರ್ರೆನ್ನುತ್ತಿದ್ದುದು ಸರಪಳಿಯ ಬಳೆ, ಅದಕ್ಕೆ ಬೇಕಿದ್ದದ್ದು ನಾಲ್ಕು ಹನಿ ಎಣ್ಣೆ. ಹೀಗೆ ಮೂರು ಸಲ, ಯಾರದೋ ಸದ್ದಿಗೆ ತಮ್ಮ ಕುತ್ತಿಗೆ ಹಿಚುಕಲಾಗಿದೆ. 8.8ರ ಬೋಲ್ಟು ಆ ಪೆಟ್ಟು ತಡೆದುಕೊಂಡಿರಬಹುದು, ಒಳಗೆ ತಮಗೇನಾಗಿದೆ ಎಂಬುದು ನನಗೆ ಕಾಣುವುದಿಲ್ಲ. ಅದಕ್ಕೇ ಪತ್ರ.

ನನ್ನ ಮೊದಲ ಪತ್ರಕ್ಕೆ ಸಂಘವು ಕಂಬಗಳಿಗೆ ಹೊಸದಾಗಿ ಹಸಿರು ಬಣ್ಣ ಹೊಡೆಸಿತು. ಎರಡನೆಯ ಪತ್ರಕ್ಕೆ "ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ" ಎಂಬ ಫಲಕ ಹಾಕಿಸಿತು. ಪಂಚಮಿಗಾಗಿ ಹೆಂಗಸರು ಕೇಳಿ ಪಡೆದ ಜೋಕಾಲಿಗೆ ಆ ಫಲಕ ಕಂಡ ನನ್ನ ಹೆಂಡತಿ, "ನಾ ಹನ್ನೆರಡು ವರ್ಷದಾಕಿ ಅಂತ ತಿಳಕೋರಿ" ಎಂದು ಅದರ ಮೇಲೆಯೇ ಸೀರೆ ಒಣಗಹಾಕಿ ಬಂದಳು. ಮೂರನೆಯ ಪತ್ರಕ್ಕೆ ಒಂದು ನಿಂಬೆಹಣ್ಣು ಕಟ್ಟಿಸಲಾಯಿತು. ನಾಲ್ಕನೆಯದಕ್ಕೆ ಏನೂ ಆಗಲಿಲ್ಲ, ಅಷ್ಟು ಹೊತ್ತಿಗೆ ಸಂಘದ ಬತ್ತಳಿಕೆ ಖಾಲಿಯಾಗಿತ್ತು.

ಬರೆದು ಸಾಕಾಗಿ ನಾನೇ ಕೈ ಹಾಕಿದೆ. ಮುರುಗೇಶನನ್ನು ಕಂಡು ಕೇಳಿದಾಗ ಅವನು ಆ ನಾಲ್ಕು ಕಪ್ಪು ನಟ್ಟುಗಳನ್ನು, "ತಗೊಳಿ ಸಾರ್, ನಿಮ್ಗೆ ಇವೆಲ್ಲ ಇಷ್ಟ ಅಲ್ವಾ" ಎಂದು ಕೊಟ್ಟಿದ್ದ. ಅವನ್ನು ಜೇಬಿನಲ್ಲಿಟ್ಟುಕೊಂಡು, ಹತ್ತೊಂಬತ್ತರ ಸ್ಪ್ಯಾನರ್ ಹಿಡಿದು, ಚಳಿಗೆ ಮಂಕಿ ಟೋಪಿ ಹಾಕಿಕೊಂಡು ಬೆಳಿಗ್ಗೆ ಆರೂವರೆಗೆ ಹಲಗೆಯ ಮೇಲೆ ಹತ್ತಿ ನಿಂತೆ. ತಮಗೆ ಸ್ಪ್ಯಾನರ್ ತಾಗಿಸುವಷ್ಟರಲ್ಲಿ ಕಾವಲುಗಾರ ಸೀಟಿ ಊದಿದ. ಏಳು ಗಂಟೆಗೆ ಉದ್ಯಾನದ ಕ್ಯಾಮೆರಾದ ಚಿತ್ರ, "ಮಕ್ಕಳ ಜೋಕಾಲಿಯ ನಟ್ ಕದಿಯುತ್ತಿರುವ ವ್ಯಕ್ತಿ, ಎಲ್ಲರೂ ಎಚ್ಚರವಾಗಿರಿ" ಎಂಬ ಬರಹದೊಂದಿಗೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿತ್ತು. ನನ್ನ ಹೆಂಡತಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ರೀ, ಈ ಕಳ್ಳನ ಟೊಪ್ಪಗಿ ನಮ್ಮನ್ಯಾಗಿಂದ ಇದ್ದಂಗೈತಿ ನೋಡ್ರಿ" ಎಂದಳು. ಕಾರ್ಯದರ್ಶಿಗಳು ಜೋಕಾಲಿಯಲ್ಲಿ ನಾಲ್ಕು, ನನ್ನ ಜೇಬಿನಲ್ಲಿ ನಾಲ್ಕು ನಟ್ಟು ಇದ್ದುದನ್ನು ಕೂಡಿಸಿ, ಮೊದಲಿಗೆ ಎಂಟು ಇದ್ದಿರಬೇಕೆಂದು ಗಣಿತದ ಮೂಲಕ ಸಾಧಿಸಿ, ಸ್ಪ್ಯಾನರನ್ನೂ ಕಪ್ಪು ನಟ್ಟುಗಳನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಚೀಟಿ ಅಂಟಿಸಿ ಸಂಘದ ಕಚೇರಿಯಲ್ಲಿಟ್ಟಿದ್ದಾರೆ. ಅಂದಿನಿಂದ ನಾನು ಸಂಜೆ ಹೊತ್ತು ಜೋಕಾಲಿಯ ಎದುರಿನ ಬೆಂಚಿನ ಮೇಲೆ ಕೂತು, ಮಕ್ಕಳನ್ನು ಒಬ್ಬೊಬ್ಬರನ್ನೇ ಬಿಡುತ್ತ, ತಮ್ಮನ್ನೇ ನೋಡುತ್ತಿರುತ್ತೇನೆ. ತಾವೂ ನನ್ನನ್ನು ನೋಡಿರಬಹುದು.

ಮಾನ್ಯರೇ, ನಾಡಿದ್ದು ಪಂಚಮಿ. ಶಿವಲಿಂಗವ್ವ ಹುಟ್ಟಿದ್ದು ಹುನಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ. ಹದಿನೆಂಟರ ವಯಸ್ಸಿನಲ್ಲಿ ಜೀಕಿ ಬೇವಿನ ಮರದ ತುದಿಯ ಎಲೆಯನ್ನು ಹಲ್ಲಿನಲ್ಲಿ ಕಚ್ಚಿ ತಂದಿದ್ದಳಂತೆ. ಬೆಂಗಳೂರಿಗೆ ಬಂದ ಮೇಲೆ ಮೂವತ್ತನಾಲ್ಕು ಪಂಚಮಿ ಕಳೆದವು, ಒಂದರಲ್ಲೂ ಅವಳ ಕಾಲು ಹಲಗೆ ಏರಲಿಲ್ಲ. ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ ಒಮ್ಮೆ ಬಾಗಿಲಿನ ಚೌಕಟ್ಟಿಗೆ ಸೀರೆ ಕಟ್ಟಿ ಮಗಳನ್ನು ತೂಗಿದ್ದಷ್ಟೇ. ಈ ಸಲ ಪ್ರತಿಭಾಳ ಜೊತೆ ಎದುರುಬದುರು ನಿಂತು ಜೀಕುತ್ತೇನೆಂದು ಹೊಸ ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ. ನಾನು ತಮ್ಮ ದರ್ಜೆಯ ಬಗ್ಗೆ ವಿವರಿಸಿ, ಈ ವರ್ಷ ಬೇಡ ಎಂದರೆ, "ನಿಮ್ಮ ನಟ್ಟು ಬೋಲ್ಟು ನಿಮ್ಮ ಕೂಡನ ಇರಲಿ. ಮೊಣಕಾಲು ನಂದು, ಪಂಚಮಿ ನಂದು" ಎಂದಳು. ಮೂವತ್ತೊಂದು ವರ್ಷ ಕಾರ್ಖಾನೆಯ ತಲೆನೋವನ್ನೆಲ್ಲ ಊಟದ ತಟ್ಟೆಯ ಮುಂದೆ ಕೇಳಿಸಿಕೊಂಡವಳು ಅವಳು. ಇದೂ ಅಂಥದೇ ಒಂದು ಎಂದು ತಿಳಿದಿದ್ದಾಳೆ.

ಅವರ ಊರಿನಲ್ಲಿ ಒಂದು ಪದ್ಧತಿ ಇತ್ತು. ಹಗ್ಗ ಕಟ್ಟಿದವನು ಮೊದಲು ತಾನೇ ನಿಂತು ಜೀಕಿ ತೋರಿಸಬೇಕು, ಆಮೇಲೆ ಹೆಣ್ಣುಮಕ್ಕಳು. ಅವಳ ಅಪ್ಪ ಆ ಓಣಿಗೇ ತೂಕದ ಮನುಷ್ಯ, ಪ್ರತಿ ವರ್ಷ ಮೊದಲ ಜೀಕು ಅವರದೇ. ಇಲ್ಲಿ ಹಗ್ಗ ಕಟ್ಟಿದವನು ಯಾರು? ದಾನ ಕೊಟ್ಟವರು ಪಿಳ್ಳಪ್ಪನವರು, ಬಿಗಿದವನು ಮುರುಗೇಶ್, ಆದರೆ ನೋಡಿದ್ದೇನೆ, ಸರಿಯಿದೆ ಎಂದು ಬರೆದುಕೊಟ್ಟವನು ನಾನು. ಅವಳು ಬಿದ್ದರೆ ನನ್ನ ಸಹಿಯ ಮೇಲೆ ಬೀಳುತ್ತಾಳೆ. ಈ ಒಂದು ಮಾತು ಕೆಲವು ದಿನಗ‍ಳಿಂದ ನನ್ನ ಊಟ ನಿದ್ದೆ ಕೆಡಿಸಿದೆ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳು. ಒಳಗೆ ತಮ್ಮ ಸುತ್ತುಗಳು ಎಷ್ಟು ಉಳಿದಿವೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಅದು ಆಗದಿದ್ದರೆ, ಕೈಬಿಡುವ ಎರಡು ದಿನ ಮೊದಲು ಸಂಘಕ್ಕೆ ನೋಟಿಸು ಕೊಡಬೇಕು. ಸಂಘ ಉತ್ತರಿಸುವುದಿಲ್ಲ, ಅದನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಪಂಚಮಿಯ ದಿನ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಮಾತ್ರ ತಾವು ದಯವಿಟ್ಟು ಎಂಟನೇ ದರ್ಜೆಯವರಂತೆ ವರ್ತಿಸಬೇಕು, ಹೊಳೆಯುವುದನ್ನು ಸ್ವಲ್ಪ ಕಡಿಮೆ ಮಾಡಿ ಹಿಡಿದುಕೊಳ್ಳುವುದನ್ನು ಸ್ವಲ್ಪ ಹೆಚ್ಚು ಮಾಡಬೇಕು. ಒಂದು ವೇಳೆ ಸೋಲಲೇಬೇಕು ಎಂದಿದ್ದರೆ, ಬೋಲ್ಟಿನ ಹಾಗೆ ಸದ್ದು ಮಾಡಿ ಸೋಲಬೇಕು. ಇವು ತಮ್ಮಿಂದಾಗದ ಕೆಲಸಗಳೆಂದು ನನಗೆ ಗೊತ್ತಿದೆ. ಆಗುವಂಥ ಕೆಲಸವನ್ನು ಮಾಡಬೇಕಾದವರಿಗೆ ಈಗಾಗಲೇ ನಾಲ್ಕು ಸಲ ಬರೆದಾಗಿದೆ.

ತಮ್ಮ ಮೇಲೆ ವಿಶ್ವಾಸವಿಲ್ಲದಿದ್ದರೂ ತಮ್ಮ ವಿಶ್ವಾಸಿ,
ವೀರಬಸಪ್ಪ
(ತಾಂತ್ರಿಕ ಸದಸ್ಯ, ವಾಟ್ಸಾಪ್ ಗುಂಪಿನ ಪ್ರಕಾರ ನಟ್ ಕಳ್ಳ)
ರೊಟ್ಟಿ ಪಂಚಮಿ, ಅಂದರೆ ನಾಗಚೌತಿಯ ಹಿಂದಿನ ದಿನ, ಅಟ್ಟೂರು

ಪ್ರತಿ: ಅಧ್ಯಕ್ಷರಿಗೆ, ಮಾಹಿತಿಗಾಗಿ ಮಾತ್ರ. ಕ್ರಮ ತೆಗೆದುಕೊಂಡು ಆಯಾಸ ಮಾಡಿಕೊಳ್ಳಬಾರದು.

ಮರೆತ ಮಾತು (ನಾಗಚೌತಿಯ ಸಂಜೆ, ಬೇರೆ ಪೆನ್ನಿನಲ್ಲಿ):

ಮಾನ್ಯರೇ, ಈಗ ತಾವು ನನ್ನ ಚಹಾದ ಲೋಟದ ಪಕ್ಕದಲ್ಲಿದ್ದೀರಿ, ಆದ್ದರಿಂದ ದನಿ ಎತ್ತುವ ಅಗತ್ಯವಿಲ್ಲ.

ಇಂದು ಮಧ್ಯಾಹ್ನ ಹೆಂಗಸರು ನಾಗಪ್ಪನಿಗೆ ಹಾಲೆರೆದು ಬಂದು, ನಾಳೆಗೆಂದು ಜೋಕಾಲಿಗೆ ಪೂಜೆ ಮಾಡಿದರು. ಮೇಲಿನ ಕೊಂಡಿಗೆ ಕುಂಕುಮ ಹಚ್ಚಲು ಶಿವಲಿಂಗವ್ವ ತಾನೇ ಹಲಗೆಯ ಮೇಲೆ ನಿಂತಳಂತೆ. ಮೂವರಿಗೆ ಹಚ್ಚಿದಳು. ನಾಲ್ಕನೆಯವರಾದ ತಮಗೆ ಹಚ್ಚುವಾಗ ತಾವು ಅವಳ ಉಂಗುರದ ಬೆರಳಿನ ಜೊತೆಗೇ ತಿರುಗಿದಿರಿ. ಇನ್ನೆರಡು ಸಲ ತಿರುಗಿಸಿದಳು, ಈ ಜನ್ಮದಲ್ಲಿ ಬಿಚ್ಚಲಾಗದ ತಾವು ಅವಳ ಅಂಗೈಗೆ ಬಂದಿರಿ. ಅವಳು ಸರಪಳಿ ಹಿಡಿದು ನಿಧಾನವಾಗಿ ಕೆಳಗಿಳಿದು, ಯಾರೂ ಹತ್ತಬೇಡಿರೆಂದು ಹೇಳಿ, ನೇರ ಮನೆಗೆ ಬಂದು ತಮ್ಮನ್ನು ನನ್ನ ಮುಂದಿಟ್ಟಳು. "ರೀ, ಕೈಯಾಗ ಬಂತ್ರಿ" ಎಂದಳು. ಅಷ್ಟೇ ಹೇಳಿ ನನ್ನ ಪಕ್ಕ ಕೂತಳು. ತಮ್ಮನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಒಂದು ಸುತ್ತೂ ನಿಂತಿರಲಿಲ್ಲ. ಕುಂಕುಮದ ಜೊತೆ ಕಬ್ಬಿಣದ ಪುಡಿ ಬೆರಳಿಗೆ ಹತ್ತಿತು.

ಆಮೇಲೆ ಶಿವಲಿಂಗವ್ವ ಮತ್ತು ಪ್ರತಿಭಾ ತಮ್ಮನ್ನು ಹಿಡಿದುಕೊಂಡು ಸಂಘದ ಕಚೇರಿಗೆ ಹೋದರು. ಕಾರ್ಯದರ್ಶಿಗಳು ಚೀಲವನ್ನು ಸ್ವಹಸ್ತದಿಂದ ಕೊಟ್ಟರು. ಅಧ್ಯಕ್ಷರು ತಮ್ಮನ್ನು ಎತ್ತಿ ಹಿಡಿದು ಒಳಗೆ ಇಣುಕಿ ನೋಡಿ, "ನಮ್ಮವ್ವನ ಎಸ್ರು ಬರ್ಸಿದ್ನಲ್ಲವ್ವಾ ಇದ್ರ ಮೇಲೆ" ಎಂದರಂತೆ. ನನಗೆ ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಆದರೂ ಕೊನೆಗೆ ತಡೆಯಲಾರದೆ, "ಅಬ್ಬದ್ ದಿನ ಕರ್ರಗಿರೋದು..." ಎಂದು ರಾಗ ಎಳೆದರಂತೆ. ಶಿವಲಿಂಗವ್ವ ಕೊರಳಿನಿಂದ ತಾಳಿಸರ ಹೊರಗೆಳೆದು ತೋರಿಸಿ, "ಮೂವತ್ತೆಂಟು ವರ್ಷ ಆತು ಈ ಕರಿಮಣಿ ಕೊಳ್ಳಾಗ ಹಾಕ್ಕೊಂಡು. ಕಪ್ಪು ಅಶುಭ ಅಂದವರು ಯಾರ್ರಿ?" ಎಂದಳಂತೆ. ಪ್ರತಿಭಾ ಉಳಿದ ಮೂವರನ್ನೂ ಬಿಚ್ಚಿ, ನಾಲ್ಕು ಬೋಲ್ಟನ್ನೂ ನನಗೆ ತೋರಿಸಿ, ಕಪ್ಪು ನಟ್ಟುಗಳನ್ನು ಪೈಪಿಲ್ಲದೆ ಬಿಗಿದಳು. ನಾನು ಕೆಳಗೆ ನಿಂತು ನೋಡಿದೆ, ಆಮೇಲೆ ಹಲಗೆ ಹತ್ತಿ ಒಂದೊಂದರ ಮೇಲೂ ಇದ್ದ 8 ಎಂಬ ಅಂಕೆಯನ್ನು ಬೆರಳಿನಿಂದ ಮುಟ್ಟಿಯೂ ನೋಡಿದೆ. ಸಹಿ ಆಮೇಲೆ ಹಾಕಿದೆ.

ನಾಳೆ ಏಳೂವರೆಗೆ ಮೊದಲ ಜೀಕು ನನ್ನದು, ಎಂಬತ್ತೊಂದು ಕಿಲೋ. ಎರಡನೆಯದು ಅಧ್ಯಕ್ಷರದೆಂದು ನನ್ನ ಹೆಂಡತಿ ಪಟ್ಟಿ ಬರೆದಿದ್ದಾಳೆ, ತೊಂಬತ್ತನಾಲ್ಕು ಕಿಲೋ. ಮಂಕಿ ಟೋಪಿ ಬೇಕಾದರೆ ಕೊಡುತ್ತೇನೆ. ಅದಾದ ಮೇಲೆ ಇಳಕಲ್ ಸೀರೆಯವರು.

ಅಧ್ಯಕ್ಷರ ಮಾತು ಸುಳ್ಳಾಗಲಿಲ್ಲ. ಸಂಘ ನಾಲ್ಕು ಪತ್ರಕ್ಕೂ ಕೊಡದ ಉತ್ತರವನ್ನು ತಾವು ಒಂದೇ ಪತ್ರಕ್ಕೆ ಕೊಟ್ಟಿರಿ. ಅವರ ಪ್ರತಿಯ ಜೊತೆ ಆ ಉತ್ತರವನ್ನು ಲಗತ್ತಿಸಿದ್ದೇನೆ: ಒಂದು, ಚಿನ್ನದ ಬಣ್ಣದ್ದು, ತೂಕ ಹದಿನೇಳು ಗ್ರಾಂ.